ಡಾಕ್ಟರ ಫೋನ್ ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆಗಳಿಗೆ ಚಿತ್ರದುರ್ಗದ ಕುಟುಂಬ ವೈದ್ಯೆಯೊಬ್ಬರ ಉತ್ತರ

ಹಿಂದಿನ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆಗಳ ಬಗ್ಗೆ ಬರೆಯುತ್ತಾ, "ಕ್ಲಿನಿಕ್ಕಿಗೆ ವಾಟ್ಸ್‌ಆ್ಯಪ್‌ನಲ್ಲಿ ವರದಿ ಕಳಿಸುವ ಮುನ್ನ ಆ ಫೋನ್ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳಿ" ಎಂದು ಒಂದು ಸಾಲು ಸೇರಿಸಿದ್ದೆ. ಮಾತ್ರೆಗಳ ಬಗ್ಗೆ ಒಬ್ಬರೂ ಏನನ್ನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹೆಸರುಗಳನ್ನು ತೆಗೆದು, ಊರಿನ ಬದಲು ಜಿಲ್ಲೆಯನ್ನಷ್ಟೇ ಉಳಿಸಿದ್ದೇನೆ. ಗೋಪ್ಯತೆಯ ಬಗ್ಗೆ ಬರೆಯುವ ಪುಟದಲ್ಲೇ ಓದುಗರ ಗುಟ್ಟು ರಟ್ಟಾದರೆ ಸಂಪಾದಕರು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಪ್ರಶ್ನೆ: ನನಗೆ ಮೂವತ್ತೊಂದು ವರ್ಷ. ಕೆಲವು ವರ್ಷಗಳ ಹಿಂದೆ ಕೈ ಮೂಳೆ ಮುರಿದಾಗ ಮೈದುನ ನನ್ನನ್ನು ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಚೀಟಿ ಮಾಡಿಸಿದವನೂ ಅವನೇ, ಬರೆಸಿದ್ದೂ ಅವನದೇ ಮೊಬೈಲ್ ನಂಬರ್. ಈಗ ಅದೇ ಆಸ್ಪತ್ರೆಯ ಮನೋವೈದ್ಯರಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ನನ್ನ ಯಜಮಾನರಿಗೆ ಮಾತ್ರ ಗೊತ್ತಿತ್ತು. ಹೋದ ವಾರ "ಮನೋವೈದ್ಯಕೀಯ ವಿಭಾಗದಲ್ಲಿ ನಿಮ್ಮ ಮರುಭೇಟಿ" ಎಂಬ ಸಂದೇಶ, ಅದರ ಹಿಂದೆಯೇ ಔಷಧಿ ಚೀಟಿಯ ಪಿಡಿಎಫ್, ಎರಡೂ ಮೈದುನನ ಫೋನಿಗೆ ಹೋಗಿವೆ. ಈಗ ಅತ್ತೆಗೆ, ನಾದಿನಿಗೆ, ಎಲ್ಲರಿಗೂ ಗೊತ್ತು. ಕೌಂಟರಿನಲ್ಲಿ ಕೇಳಿದರೆ "ನೀವು ಕೊಟ್ಟ ನಂಬರಿಗೇ ಕಳಿಸಿದ್ದೇವಮ್ಮ" ಎನ್ನುತ್ತಾರೆ. ನಾನು ಇದಕ್ಕೆ ಒಪ್ಪಿಗೆ ಕೊಟ್ಟಂತಾಯಿತೇ?
(ತುಮಕೂರು ಜಿಲ್ಲೆ)

ಉತ್ತರ: ಇಲ್ಲ, ಆಗಲಿಲ್ಲ. ಮೂಳೆ ಮುರಿದ ದಿನ ಬಿಲ್ಲು ಕಟ್ಟಲೆಂದು ಯಾರೋ ಬರೆಸಿದ ನಂಬರು ನಿಮ್ಮ ಮನಸ್ಸಿನ ಕಾಯಿಲೆಯನ್ನು ಆ ಮನುಷ್ಯನಿಗೆ ತಿಳಿಸಲು ಪರವಾನಗಿಯಾಗುವುದಿಲ್ಲ. ಕೌಂಟರಿನವರ ಉತ್ತರ ಕೇಳಿ ನನಗೆ ಸಿಟ್ಟು ಬಂತು, ಆಶ್ಚರ್ಯವಾಗಲಿಲ್ಲ. ಜನ ಹ್ಯಾಕರುಗಳಿಗೆ ಹೆದರುತ್ತಾರೆ. ನಮ್ಮ ಊರುಗಳಲ್ಲಿ ಗುಟ್ಟು ಸೋರುವುದು ಹೆಚ್ಚಾಗಿ ನೋಂದಣಿ ಪುಸ್ತಕದ ಈ ಒಂದು ಅಂಕಣದಿಂದ. ಹೆಂಗಸರ ಹೆಸರಿನ ಮುಂದೆ ಗಂಡನ ನಂಬರು, ವಯಸ್ಸಾದವರ ಮುಂದೆ ಮಗನ ನಂಬರು, ಹಾಸ್ಟೆಲ್ ಹುಡುಗಿಯ ಮುಂದೆ ಅಪ್ಪನ ನಂಬರು. ಯಾವತ್ತೋ ಒಮ್ಮೆ ಬರೆಸಿದ್ದು ಸಾಫ್ಟ್‌ವೇರಿನಲ್ಲಿ ಕುಳಿತುಬಿಡುತ್ತದೆ. ಪ್ರಯೋಗಾಲಯದ ವರದಿ, ಔಷಧಿ ಅಂಗಡಿಯ ಬಿಲ್ಲು, ಮರುಭೇಟಿಯ ನೆನಪೋಲೆ ಎಲ್ಲವೂ ಕಣ್ಣು ಮುಚ್ಚಿಕೊಂಡು ಅಲ್ಲಿಗೇ ಹೋಗುತ್ತವೆ.

ಕಾನೂನು ನಿಮ್ಮ ಕಡೆಗಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಮು ಮನೋವೈದ್ಯಕೀಯ ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಡುತ್ತದೆ. ಅದಕ್ಕೂ ಹಿಂದಿನಿಂದ, 2002ರ ವೈದ್ಯರ ನಡವಳಿಕೆ ನಿಯಮಗಳ ಪ್ರಕಾರ, ವೃತ್ತಿಯಲ್ಲಿ ತಿಳಿದುಬಂದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡಹುವಂತಿಲ್ಲ. ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ, ಇವಿಷ್ಟೇ ವಿನಾಯಿತಿ. ಮೈದುನ ಈ ಪಟ್ಟಿಯಲ್ಲಿಲ್ಲ.

ಈಗ ಮಾಡಬೇಕಾದದ್ದು. ಮೊದಲು ನಂಬರು ಬದಲಿಸಲು ಲಿಖಿತವಾಗಿ ಅರ್ಜಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಹೊರರೋಗಿ ವಿಭಾಗ, ಪ್ರಯೋಗಾಲಯ, ಔಷಧಾಲಯ, ಬಿಲ್ಲಿಂಗ್, ಈ ನಾಲ್ಕೂ ಕಡೆ ಬದಲಾಯಿತೇ ಎಂದು ಬೇರೆ ಬೇರೆಯಾಗಿ ಕೇಳಿ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ ಎಂಬುದು ಆಸ್ಪತ್ರೆಯೊಳಗೆ ಕೆಲಸ ಮಾಡದವರ ನಂಬಿಕೆ. ನೆನಪೋಲೆಯಲ್ಲಿ ವಿಭಾಗದ ಹೆಸರು ಬೇಡ, ದಿನ ಮತ್ತು ಸಮಯ ಮಾತ್ರ ಸಾಕು ಎಂದೂ ಅದೇ ಅರ್ಜಿಯಲ್ಲಿ ಬರೆಯಿರಿ. ದೂರು ಕೊಡುವುದಾದರೆ ಆಸ್ಪತ್ರೆಯ ಪ್ರಭಾರ ವೈದ್ಯಾಧಿಕಾರಿಯಿಂದ ಆರಂಭಿಸಿ. ಅವರ ಉತ್ತರ ಸಮಾಧಾನ ತರದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ, ಅದರ ಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇದೆ. ಈ ದಾರಿಯನ್ನು ಕಾಯ್ದೆಯೇ ಹಾಕಿಕೊಟ್ಟಿದೆ.

ಮನೆಯ ಮಾತು ಬೇರೆ. ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಾಗ ಅತ್ತೆಗೆ ವಿವರಣೆ ಕೊಟ್ಟಿದ್ದಿರಾ? ಈಗಲೂ ಕೊಡಬೇಕಿಲ್ಲ. ಮಾತ್ರೆಯನ್ನು ಮಾತ್ರ ಯಾರ ಮಾತಿಗೂ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಅಪ್ಪ, ಅಮ್ಮ ಹಾವೇರಿ ಜಿಲ್ಲೆಯ ಊರಿನಲ್ಲಿದ್ದಾರೆ. ಅಪ್ಪನ ಪ್ರಾಸ್ಟೇಟ್ ತೊಂದರೆಗೆ ಅಲ್ಲಿನ ಡಾಕ್ಟರೊಂದಿಗೆ ನಾನೇ ವಾಟ್ಸ್‌ಆ್ಯಪ್‌ನಲ್ಲಿ ಮಾತನಾಡುತ್ತೇನೆ. ಎಲ್ಲರಿಗೂ ತಿಳಿದಿರಲಿ ಎಂದು ಸ್ಕ್ಯಾನ್ ವರದಿಯನ್ನು ಮನೆಯವರ ಗ್ರೂಪಿಗೆ ಹಾಕಿದೆ. ಅದರಲ್ಲಿ ಅಕ್ಕನ ಬೀಗರೂ ಇದ್ದಾರೆ. ಅಪ್ಪ ಮೂರು ದಿನದಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ನಾನು ಮಾಡಿದ್ದು ಅವರ ಒಳ್ಳೆಯದಕ್ಕಲ್ಲವೇ?

ಉತ್ತರ: ನಿಮ್ಮ ತಂದೆಯವರು ಮೂರೇ ದಿನಕ್ಕೆ ನಿಲ್ಲಿಸಿದರೆ ನೀವು ಪುಣ್ಯವಂತರು. ಒಬ್ಬ ಗಂಡಸು, ಅದೂ ಊರಿನಲ್ಲಿ ನಾಲ್ಕು ಜನ ಗೌರವ ಕೊಡುವ ಹಿರಿಯರು, ಮೂತ್ರ ಹೋಗುವುದಿಲ್ಲ, ನಳಿಗೆ ಹಾಕಿಸಬೇಕಾಗಬಹುದು ಎಂಬುದನ್ನು ಬೀಗರ ಬಾಯಲ್ಲಿ ಕೇಳಬೇಕೇ?

ಮಕ್ಕಳು ದೂರವಿರುವಾಗ ಡಾಕ್ಟರೊಂದಿಗೆ ಅವರೇ ಮಾತನಾಡುವುದು ಅನಿವಾರ್ಯ. ನನ್ನ ಕ್ಲಿನಿಕ್ಕಿಗೂ ಹೊರದೇಶದಿಂದ ಇಂಥ ಸಂದೇಶಗಳು ಬರುತ್ತವೆ, ಹೆಚ್ಚಿನವು ನಮ್ಮ ನಡುರಾತ್ರಿಯಲ್ಲಿ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ (ಫೋನು, ಸಂದೇಶಗಳ ಮೂಲಕ ದೂರದಿಂದ ಕೊಡುವ ವೈದ್ಯಕೀಯ ಸಲಹೆ) ಮಾರ್ಗಸೂಚಿ ಇದಕ್ಕೆ ಒಂದು ವ್ಯವಸ್ಥೆ ಹೇಳಿದೆ. ರೋಗಿ ತಾನೇ ಡಾಕ್ಟರಿಗೆ ಕರೆಯನ್ನೋ ಸಂದೇಶವನ್ನೋ ಕಳಿಸಿದರೆ ಆ ಸಮಾಲೋಚನೆಗೆ ಒಪ್ಪಿಗೆ ಇದೆ ಎಂದೇ ಲೆಕ್ಕ. ಆದರೆ ಮಗ, ಮಗಳು, ಆಶಾ ಕಾರ್ಯಕರ್ತೆ ಅಥವಾ ವೈದ್ಯರೇ ಮೊದಲು ಶುರು ಮಾಡಿದರೆ ರೋಗಿಯ ಸ್ಪಷ್ಟ ಒಪ್ಪಿಗೆ ಬೇಕು, ಅದು ದಾಖಲೆಯಲ್ಲಿ ಇರಬೇಕು. ಹದಿನಾರು ದಾಟದ ಮಕ್ಕಳು ಮತ್ತು ಮರೆವಿನ ಕಾಯಿಲೆಯಂಥ ಸ್ಥಿತಿಯಲ್ಲಿ ಇರುವವರ ಪರವಾಗಿ ಮನೆಯವರಿಗೆ ತಾನಾಗಿಯೇ ಅಧಿಕಾರ ಇರುತ್ತದೆ. ಪ್ರಾಸ್ಟೇಟ್ ದೊಡ್ಡದಾದ ಮಾತ್ರಕ್ಕೆ ಯಾರ ಬುದ್ಧಿಯೂ ಮಂಕಾಗುವುದಿಲ್ಲ. ಆದ್ದರಿಂದ ನಿಮ್ಮ ತಂದೆಯವರನ್ನೇ ಕೇಳಬೇಕು.

ಕೇಳುವುದು ಕಷ್ಟವೇನಲ್ಲ. "ನನ್ನ ಕಾಯಿಲೆಯ ಬಗ್ಗೆ ನನ್ನ ಮಗನ ಸಂಗಡ ಮಾತನಾಡಲು ಈ ಡಾಕ್ಟರಿಗೆ ನನ್ನ ಒಪ್ಪಿಗೆ ಇದೆ" ಎಂದು ಅವರ ದನಿಯಲ್ಲೇ, ಅವರ ಹಾವೇರಿ ಮಾತಿನಲ್ಲೇ, ಒಂದು ಧ್ವನಿ ಸಂದೇಶವನ್ನು ಡಾಕ್ಟರಿಗೆ ಕಳಿಸಲಿ. ಧ್ವನಿ ಸಂದೇಶವನ್ನೂ ಮಾರ್ಗಸೂಚಿ ಒಪ್ಪುತ್ತದೆ. ಇಷ್ಟಾದರೂ ಆ ಒಪ್ಪಿಗೆ ಡಾಕ್ಟರಿಂದ ನಿಮ್ಮವರೆಗೆ ಮಾತ್ರ ಎಂಬುದು ನೆನಪಿರಲಿ. ನಿಮ್ಮಿಂದ ಮುಂದಕ್ಕೆ ಹೋಗಬೇಕಾದರೆ ಮತ್ತೆ ಕೇಳಬೇಕು. ಗ್ರೂಪಿನಿಂದ ವರದಿಯನ್ನು ಅಳಿಸಬಹುದು, ಆದರೆ ಸುಮಾರು ಎರಡು ದಿನ ದಾಟಿದರೆ "ಎಲ್ಲರಿಗೂ ಅಳಿಸು" ಎಂಬ ಆಯ್ಕೆ ಸಿಗುವುದಿಲ್ಲ. ಅಷ್ಟರೊಳಗೆ ಅಳಿಸಿದ್ದರೂ ಯಾರ ಫೋನಿನಲ್ಲಿ ಇಳಿಸಿಕೊಂಡಿದ್ದಾರೋ ಅಲ್ಲಿ ಅದು ಉಳಿದಿರಬಹುದು. ಬೀಗರಿಗೆ ನೇರವಾಗಿ ಫೋನ್ ಮಾಡಿ ಅಳಿಸಲು ಕೇಳಿಕೊಳ್ಳಿ. ಆಮೇಲೆ ಅಪ್ಪನಿಗೆ ಫೋನ್ ಮಾಡಿ, ಕಾಯಿಲೆಯ ವಿಷಯ ಎತ್ತಬೇಡಿ, ಮಳೆಬೆಳೆ ವಿಚಾರಿಸಿ.

ಪ್ರಶ್ನೆ: ತೊಡೆಸಂದಿಯಲ್ಲಿ ಕಜ್ಜಿಯಂಥದ್ದು ಎದ್ದಿದೆ. ಡಾಕ್ಟರು ಫೋಟೋ ಕಳಿಸಿ ಎನ್ನುತ್ತಾರೆ. ಕಳಿಸಲು ಮುಜುಗರ, ಹೆದರಿಕೆ ಎರಡೂ ಇವೆ.
(ದಕ್ಷಿಣ ಕನ್ನಡ)

ಉತ್ತರ: ಮುಜುಗರವಾದರೆ ನೇರವಾಗಿ ಹೋಗಿ ತೋರಿಸಿ. ರೋಗಿ ಖುದ್ದಾಗಿ ಬರುತ್ತೇನೆಂದರೂ ಬೇಡ, ಫೋನಿನಲ್ಲೇ ಆಗಲಿ ಎಂದು ವೈದ್ಯರು ಪಟ್ಟು ಹಿಡಿಯುವುದು ದುರ್ನಡತೆ ಎಂದು ಆ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಹೇಳುತ್ತದೆ. ಇದು ಬಹಳ ಜನರಿಗೆ ತಿಳಿದಿಲ್ಲ.

ಕಳಿಸಲೇಬೇಕೆಂದರೆ ಮೊದಲು ಕೇಳಬೇಕಾದ್ದು: ಈ ನಂಬರು ಡಾಕ್ಟರದೋ ಕ್ಲಿನಿಕ್ಕಿನದೋ? ಡಾಕ್ಟರದೇ ಆದರೆ ಮುಖ, ಹಚ್ಚೆ, ಕೈಯ ಉಂಗುರ, ಹಿಂದಿನ ಗೋಡೆಯ ಕ್ಯಾಲೆಂಡರ್ ಯಾವುದೂ ಬಾರದಂತೆ, ಕಜ್ಜಿಯಷ್ಟನ್ನೇ ಹಗಲು ಬೆಳಕಿನಲ್ಲಿ ತೆಗೆಯಿರಿ. ನಿಮ್ಮ ಫೋನಿನ ಫೋಟೋಗಳು ತಾವಾಗಿಯೇ ಗೂಗಲ್ ಖಾತೆಗೆ ಏರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಮನೆಯ ಟಿವಿಗೂ ಅದೇ ಖಾತೆಯನ್ನು ಜೋಡಿಸಿರುವವರು ಇದ್ದಾರೆ, ಹಬ್ಬದ ದಿನ ನೆಂಟರ ಮುಂದೆ ಏನೇನು ಬಂತು ಎಂಬ ಕತೆಗಳನ್ನು ಇಲ್ಲಿ ಬರೆಯುವಂತಿಲ್ಲ.

"ಒಮ್ಮೆ ಮಾತ್ರ ನೋಡಿ" ಎಂಬ ಆಯ್ಕೆ ವಾಟ್ಸ್‌ಆ್ಯಪ್‌ನಲ್ಲಿದೆ. ಅದನ್ನು ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ವೈದ್ಯೆಯಾಗಿ ನನಗೆ ಅದು ತೊಡಕು. ಹತ್ತು ದಿನದ ನಂತರ ಕಜ್ಜಿ ಇಳಿದಿದೆಯೋ ಹರಡಿದೆಯೋ ನೋಡಲು ಹಳೆಯ ಚಿತ್ರ ಬೇಕು, ಅದನ್ನು ದಾಖಲೆಯಲ್ಲಿ ಇಡುವುದು ನನ್ನ ಕರ್ತವ್ಯವೂ ಹೌದು. ನಿಮ್ಮ ಭಯವೂ ಸುಳ್ಳಲ್ಲ. "ನಿಮ್ಮ ದಾಖಲೆಗೆ ಸೇರಿಸಿಕೊಂಡ ಮೇಲೆ ಫೋನಿನಿಂದ ಅಳಿಸಿ ತಿಳಿಸಿ" ಎಂದು ಚಿತ್ರದ ಜೊತೆಗೇ ಒಂದು ಸಾಲು ಬರೆಯಿರಿ. ಹಾಗೆ ಬರೆದ ರೋಗಿಯ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ. ಬೇರೆ ಡಾಕ್ಟರಿಗೆ ತೋರಿಸಿ ಅಭಿಪ್ರಾಯ ಕೇಳಬೇಕಾದರೂ ನಿಮ್ಮನ್ನು ಕೇಳಬೇಕು ಎಂದು ಸೇರಿಸಿ. ಡಾಕ್ಟರುಗಳ ಗ್ರೂಪುಗಳಲ್ಲಿ "ಕುತೂಹಲಕಾರಿ ಕೇಸ್" ಎಂಬ ತಲೆಬರಹದಡಿ ಏನೇನು ಬರುತ್ತದೆಂದು ನಾನು ನೋಡಿದ್ದೇನೆ. ಗುರುತು ಸಿಗುವಂಥ ಚಿತ್ರವನ್ನು ರೋಗಿಯ ಅನುಮತಿಯಿಲ್ಲದೆ ಪ್ರಕಟಿಸಬಾರದೆಂಬ ನಿಯಮ 2002ರಿಂದಲೂ ಇದೆ.

ಪ್ರಶ್ನೆ: ಶಿಬಿರವೊಂದರಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮರುದಿನ "ನಮ್ಮ ಸಕ್ಕರೆ ಕಾಯಿಲೆ ಬಂಧುಗಳು" ಎಂಬ ಗ್ರೂಪಿಗೆ ನನ್ನನ್ನು ಸೇರಿಸಿದ್ದರು. ನನ್ನ ಶಾಲೆಯ ಇಬ್ಬರು ಪೋಷಕರು, ಒಬ್ಬ ವಿಮಾ ಏಜೆಂಟ್ ಅದರಲ್ಲಿದ್ದಾರೆ.
(ಶಿಕ್ಷಕಿ, ಗದಗ ಜಿಲ್ಲೆ)

ಉತ್ತರ: ಆ ಏಜೆಂಟನಿಗೂ ಸಕ್ಕರೆ ಕಾಯಿಲೆ ಇರಲಿ ಎಂದು ಆಶಿಸೋಣ, ಇಲ್ಲದಿದ್ದರೆ ಅವನು ಅಲ್ಲಿ ಏಕಿದ್ದಾನೆ? ಗ್ರೂಪಿನ ಹೆಸರೇ ರೋಗದ ಹೆಸರಾದಾಗ ಸದಸ್ಯರ ಪಟ್ಟಿ ರೋಗಿಗಳ ಪಟ್ಟಿಯಾಗುತ್ತದೆ, ಒಬ್ಬೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೊರಬನ್ನಿ. ಆಯೋಜಕರಿಗೆ ಒಂದು ಸಂದೇಶ ಹಾಕಿ: ಮಾಹಿತಿ ಕಳಿಸುವುದಾದರೆ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿ, ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂದು. ನಿಮ್ಮ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ಗೋಪ್ಯತೆ ವಿಭಾಗದಲ್ಲಿ "ಗ್ರೂಪ್" ಎಂಬಲ್ಲಿ "ನನ್ನ ಸಂಪರ್ಕದವರು" ಎಂದು ಇಟ್ಟುಕೊಂಡರೆ ಅಪರಿಚಿತರು ನಿಮ್ಮನ್ನು ಎಳೆದು ಕೂರಿಸಲಾರರು.

ಪ್ರಶ್ನೆ: ನಾನು ನಿವೃತ್ತ ಅಂಚೆ ನೌಕರ. ವಾಟ್ಸ್‌ಆ್ಯಪ್ ಸಂದೇಶ ಅರಗು ಮುದ್ರೆಯ ಲಕೋಟೆಯಿದ್ದಂತೆ, ನಡುವೆ ಯಾರೂ ಒಡೆಯಲಾರರು ಎಂದು ಮೊಮ್ಮಗ ಹೇಳುತ್ತಾನೆ. ನಿಜವೇ? ಆಸ್ಪತ್ರೆಯ ಆ್ಯಪ್ ಒಂದು ಇಂಗ್ಲಿಷಿನಲ್ಲಿ ಉದ್ದದ ಷರತ್ತು ತೋರಿಸಿ "ಒಪ್ಪುತ್ತೇನೆ" ಒತ್ತಿ ಎನ್ನುತ್ತದೆ. ಕೌಂಟರಿನಲ್ಲಿ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಇಲ್ಲದೆ ಆಗುವುದಿಲ್ಲ ಎನ್ನುತ್ತಾರೆ. ಇಷ್ಟೆಲ್ಲ ಒಪ್ಪಬೇಕೇ?
(ಮೈಸೂರು)

ಉತ್ತರ: ಮೊಮ್ಮಗ ಹೇಳಿದ್ದು ಸರಿ, ನಡುದಾರಿಯ ಮಟ್ಟಿಗೆ. 2016ರಿಂದ ವಾಟ್ಸ್‌ಆ್ಯಪ್ ಸಂದೇಶಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೂಢಲಿಪಿಯಲ್ಲಿ ಸಾಗುತ್ತವೆ. ಆದರೆ ತಮಗೇ ಗೊತ್ತು, ಲಕೋಟೆ ಬಟವಾಡೆಯಾದ ಮೇಲೆ ಅರಗಿಗೆ ಕೆಲಸವಿಲ್ಲ. ಕ್ಲಿನಿಕ್ಕಿನ ಮೇಜಿನ ಮೇಲೆ ಆ ಫೋನ್ ತೆರೆದು ಬಿದ್ದಿರುತ್ತದೆ. ಅದೇ ಖಾತೆಯನ್ನು ಕೌಂಟರಿನ ಕಂಪ್ಯೂಟರಿಗೂ ಜೋಡಿಸಿರುತ್ತಾರೆ, ಚೀಟಿ ಮಾಡಿಸಲು ನಿಂತವರಿಗೆ ಪರದೆ ಕಾಣುತ್ತದೆ. ಫೋನಿನ ಬ್ಯಾಕಪ್ ಗೂಗಲ್‌ಗೋ ಆ್ಯಪಲ್‌ಗೋ ಹೋಗುತ್ತದೆ. ಅದಕ್ಕೂ ಗೂಢಲಿಪಿ ಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ನೀವೇ ಆರಿಸಿಕೊಳ್ಳಬೇಕು. ಇನ್ನೊಂದು ಮಾತನ್ನು ಡಾಕ್ಟರುಗಳು ನಿಮಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ: ತಂತ್ರಜ್ಞಾನದ ಲೋಪದಿಂದಲೋ ವೈದ್ಯರಲ್ಲದ ಬೇರೊಬ್ಬರಿಂದಲೋ ಗುಟ್ಟು ಹೊರಬಿತ್ತೆಂಬುದಕ್ಕೆ ಸಾಕಷ್ಟು ಆಧಾರವಿದ್ದರೆ ವೈದ್ಯರನ್ನು ಹೊಣೆಯಾಗಿಸುವಂತಿಲ್ಲ ಎಂದು 2020ರ ಮಾರ್ಗಸೂಚಿಯಲ್ಲಿದೆ. ಇಂಥ ಸೇವೆಗಳನ್ನು ಗೊತ್ತುಮಾಡಿಕೊಳ್ಳುವಾಗ ವೈದ್ಯರು ತಕ್ಕ ಎಚ್ಚರ ವಹಿಸಬೇಕು ಎಂದೂ ಅಲ್ಲೇ ಇದೆ. ಮೊದಲ ಭಾಗವನ್ನು ನಮ್ಮವರು ಬಾಯಿಪಾಠ ಮಾಡಿಕೊಂಡಿದ್ದಾರೆ.

ಆ್ಯಪ್ ವಿಷಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು, ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದುವ ಅವಕಾಶವನ್ನು ನಿಮಗೆ ಕೊಡಬೇಕು. ಕನ್ನಡ ಅದರಲ್ಲಿದೆ. ಕೇಳಿ, ಸಂಕೋಚ ಬೇಡ. ಈ ಕಾಯ್ದೆಯಲ್ಲೇ ಒಂದು ಟೆಲಿಮೆಡಿಸಿನ್ ಆ್ಯಪಿನ ಉದಾಹರಣೆ ಇದೆ: ಚಿಕಿತ್ಸೆಗೆಂದು ಒಪ್ಪಿಗೆ ಕೇಳುತ್ತಾ ಫೋನಿನಲ್ಲಿರುವ ನಂಬರುಗಳ ಪಟ್ಟಿಗೂ ಒಪ್ಪಿಗೆ ಪಡೆದರೆ, ಎರಡನೆಯದಕ್ಕೆ ಬೆಲೆ ಇಲ್ಲ, ಏಕೆಂದರೆ ಚಿಕಿತ್ಸೆಗೆ ಅದು ಬೇಕಾಗಿಲ್ಲ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಅಲ್ಲಿಯವರೆಗೆ ನಿಮ್ಮ ಬೆರಳೇ ಕಾವಲು: ಆ್ಯಪ್ ಸಂಪರ್ಕ ಪಟ್ಟಿ, ಸ್ಥಳ, ಗ್ಯಾಲರಿ ಕೇಳಿದರೆ ನಿರಾಕರಿಸಿ ನೋಡಿ. ಹೆಚ್ಚಿನವು ಆಮೇಲೂ ಕೆಲಸ ಮಾಡುತ್ತವೆ.

ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಸ್ವಯಂಪ್ರೇರಿತ. ಸರತಿಯಲ್ಲಿ ನಿಲ್ಲದೆ ಚೀಟಿ ಪಡೆಯಲು ಅನುಕೂಲ, ನಾನೂ ಮಾಡಿಸಿಕೊಂಡಿದ್ದೇನೆ. ಅದಿಲ್ಲವೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯಾವ ದಾಖಲೆ, ಯಾರಿಗೆ, ಎಷ್ಟು ಕಾಲ ಎಂಬುದನ್ನು ಅದರಲ್ಲಿ ನೀವೇ ಆರಿಸಬಹುದು. ಆದರೆ ಕೌಂಟರಿನ ಹುಡುಗ "ಒಟಿಪಿ ಹೇಳಿ ತಾತ" ಎಂದಾಗ, ಯಾವುದಕ್ಕೆ ಎಂದು ಕೇಳದೆ ಹೇಳಬೇಡಿ. ಆ ಆರು ಅಂಕಿಯೇ ನಿಮ್ಮ ಸಹಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. ಅವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು, ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ಕೌಂಟರಿನಲ್ಲಿ ಪ್ರಶ್ನೆ ಕೇಳಲು ತಮಗೆ ವಯಸ್ಸಾಯಿತೆಂದು ಅನಿಸಿದರೆ ಅವರನ್ನು ನೆನೆಯಿರಿ.

ಪ್ರಶ್ನೆ: ನಾನು ಕ್ಲಿನಿಕ್ ಒಂದರ ರಿಸೆಪ್ಷನಿಸ್ಟ್. ಡಾಕ್ಟರ ವಾಟ್ಸ್‌ಆ್ಯಪ್ ನನ್ನ ಬಳಿಯೇ ಇರುತ್ತದೆ. ಜನ ಏನೇನೋ ಬರೆಯುತ್ತಾರೆ, ನಾನು ಓದಲೇಬೇಕಾಗುತ್ತದೆ. ಮೊನ್ನೆ ನನ್ನ ಗೆಳತಿಯ ತಂಗಿಯದೇ ಒಂದು ಸಂದೇಶ ಬಂತು. ಅವಳು ಡಾಕ್ಟರೇ ಓದುತ್ತಾರೆಂದುಕೊಂಡು ಬರೆದಿದ್ದಳು. ನಾನು ಯಾರಿಗೂ ಹೇಳಿಲ್ಲ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಎದೆನೋವು ಎಂದು ಮಧ್ಯರಾತ್ರಿ ಸಂದೇಶ ಹಾಕುವವರೂ ಇದ್ದಾರೆ, ನಾನು ನೋಡುವುದು ಬೆಳಿಗ್ಗೆ.
(ಕೊಪ್ಪಳ ಜಿಲ್ಲೆ)

ಉತ್ತರ: ಈ ಕಂತಿನ ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನಿನ್ನದು, ತಂಗಿ. ಆ ಹುಡುಗಿ ಒಪ್ಪಿಗೆ ಕೊಟ್ಟದ್ದು ಡಾಕ್ಟರಿಗೆ. ನೀನು ಓದುತ್ತೀಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಪ್ಪು ನಿನ್ನದಲ್ಲ, ವ್ಯವಸ್ಥೆಯನ್ನು ಹಾಗೆ ಇಟ್ಟವರದು.

ಸರಿಪಡಿಸಲು ಹಣ ಬೇಕಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ, ಬರೆದವರಿಗೆ ತಾನಾಗಿಯೇ ಹೋಗುವ ಉತ್ತರವನ್ನು ಇಡಬಹುದು. ನನ್ನ ಕ್ಲಿನಿಕ್ಕಿನಲ್ಲಿ ಇಟ್ಟಿರುವುದು ಹೀಗಿದೆ: "ಈ ಸಂದೇಶಗಳನ್ನು ಮೊದಲು ನಮ್ಮ ಸಿಬ್ಬಂದಿ ಓದುತ್ತಾರೆ. ಖಾಸಗಿ ವಿಷಯವಿದ್ದರೆ 'ಡಾಕ್ಟರೊಂದಿಗೆ ಮಾತನಾಡಬೇಕು' ಎಂದಷ್ಟೇ ಬರೆಯಿರಿ, ನಾವೇ ಕರೆ ಮಾಡುತ್ತೇವೆ. ರಾತ್ರಿ ಎಂಟರ ನಂತರ ಈ ಫೋನನ್ನು ಯಾರೂ ನೋಡುವುದಿಲ್ಲ. ಎದೆನೋವು, ಉಸಿರಾಟದ ತೊಂದರೆ, ರಕ್ತಸ್ರಾವ ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ." ಇದನ್ನು ಹಾಕಿದ ಮೇಲೆ ಉದ್ದುದ್ದ ಸಂದೇಶಗಳು ಕಡಿಮೆಯಾದವು. ಹೆಂಗಸರು "ಮಾತನಾಡಬೇಕು" ಎಂಬ ಒಂದು ಸಾಲು ಹಾಕತೊಡಗಿದರು, ಅದರಲ್ಲಿ ಕೆಲವರು ಅಷ್ಟು ದಿನ ಏನನ್ನೂ ಬರೆಯದೇ ಇದ್ದವರು.

ಸಂಜೆ ಮನೆಗೆ ಹೊರಡುವಾಗ ಕಂಪ್ಯೂಟರಿನಿಂದ ವಾಟ್ಸ್‌ಆ್ಯಪ್ ಲಾಗೌಟ್ ಮಾಡು. ಫೋನನ್ನು ಮನೆಗೆ ಒಯ್ಯಬೇಡ, ಅದು ಡಾಕ್ಟರ ಮೇಜಿನ ಡ್ರಾಯರಿನಲ್ಲಿ ಬೀಗದೊಳಗೆ ಇರಲಿ. ಫೋಟೋಗಳು ಗ್ಯಾಲರಿಗೆ ತಾವಾಗಿಯೇ ಇಳಿಯುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸು. ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಯಾರು ಕೇಳಿದರೂ ಸಂದೇಶದಲ್ಲಿ ಕಳಿಸಬೇಡ. ಅದಕ್ಕೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ, ಆ ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವಂತಿಲ್ಲ. ಗೆಳತಿಯ ತಂಗಿ ಎದುರು ಸಿಕ್ಕರೆ ಎಂದಿನಂತೆ ನಗು, ಸಂದೇಶದ ಮಾತು ಎತ್ತಬೇಡ.

ಇದನ್ನೆಲ್ಲ ಡಾಕ್ಟರಿಗೆ ಹೇಳುವುದು ಹೇಗೆ ಎಂಬ ಚಿಂತೆ ನಿನಗಿರುತ್ತದೆ. ಈ ಪುಟವನ್ನು ಅವರ ಮೇಜಿನ ಮೇಲೆ ಬಿಡಿಸಿಡು. ಯಾರು ಇಟ್ಟರೆಂದು ಕೇಳಿದರೆ ರೋಗಿಯೊಬ್ಬರು ಬಿಟ್ಟುಹೋದರು ಎನ್ನು. ಯಾವ ರೋಗಿ ಎಂದು ಕೇಳಿದರೆ, ಅದು ಗೋಪ್ಯ ಸರ್ ಎಂದುಬಿಡು.